ಹಳೆಯ ಕುರ್ಚಿ ಮತ್ತು ಗದ್ದುಗೆ

ಹಳೆಯ ಕುರ್ಚಿ ಮನೆಯಲ್ಲಿ ಉಳಿದುಕೊಳ್ಳುವುದಕ್ಕೆ ಮೂರು ಕಾರಣಗಳಿರುತ್ತವೆ. ಅದು ಇನ್ನೂ ಗಟ್ಟಿಯಾಗಿದೆ, ಕೂಡಲು ಬರುತ್ತದೆ ಎಂಬುದು ಒಂದು. ಮಾರಿದರೆ ಬೆಲೆ ಬರುತ್ತದೆ ಎಂಬುದು ಎರಡನೆಯದು. ಅದರಲ್ಲಿ ಹಿಂದೆ ಮನೆಯ ಹಿರಿಯರು ಕೂಡುತ್ತಿದ್ದರು ಎಂಬುದು ಮೂರನೆಯದು. ಮೊದಲನೆಯದನ್ನು ಬಡಿಗ ತೀರ್ಮಾನಿಸಬಲ್ಲ, ಎರಡನೆಯದನ್ನು ವ್ಯಾಪಾರಿ. ಮೂರನೆಯದು ಧರ್ಮ ಮತ್ತು ತತ್ವದ ಪ್ರಶ್ನೆ. ಕೂತವರು ಹೋದ ಮೇಲೆ ಆಸನದಲ್ಲಿ ಏನಾದರೂ ಉಳಿಯುತ್ತದೆಯೆ? ಉಳಿಯುವುದಾದರೆ ಆ ಕುರ್ಚಿಗೆ ಕೈಮುಗಿಯಬೇಕೆ, ಅದರಲ್ಲಿ ಕೂಡಬೇಕೆ? ವಿಜಯಪುರ ಜಿಲ್ಲೆಯ ಗೊಳಸಂಗಿ, ನಿಡಗುಂದಿ, ಬಸವನ ಬಾಗೇವಾಡಿಯ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಬಸವಣ್ಣನವರು ಹುಟ್ಟಿದ ನಾಡು ಇದು. ಊರೂರಿಗೆ ಮಠ, ಗದ್ದುಗೆ, ದರ್ಗಾ ಇರುವ ನಾಡೂ ಹೌದು. ಇಲ್ಲಿ ಆಸನದ ವಿಚಾರ ಎಂಟು ಶತಮಾನ ಹಳೆಯದು, ಕುರ್ಚಿ ಮಾತ್ರ ಈಚಿನದು.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕೂಡುವ ಜಾಗ ಎಂದರೆ ಕಟ್ಟೆ ಮತ್ತು ಪಡಸಾಲೆ. ಬಂದವರಿಗೆ ಕಾಲಿಗೆ ನೀರು ಕೊಟ್ಟು ‘ಬರ್ರಿ, ಕುಂದರ್ರಿ’ ಎಂದು ಕಂಬಳಿಯನ್ನೋ ಜಮಖಾನೆಯನ್ನೋ ಹಾಸುತ್ತಿದ್ದರು. ಅನುಕೂಲಸ್ಥರ ಮನೆಯಲ್ಲಿ ಗಾದಿ, ಲೋಡು, ತಕ್ಕೆಗಳಿರುತ್ತಿದ್ದವು. ಊಟಕ್ಕೂ ಪೂಜೆಗೂ ಮಣೆ ಇತ್ತು. ಕಂಬಳಿ ಬರಿಯ ಹಾಸಿಗೆಯಾಗಿರಲಿಲ್ಲ. ಹಾಲುಮತದವರಲ್ಲಿ ದೇವರ ಕಾರ್ಯಕ್ಕೂ ಮದುವೆಗೂ ಕಂಬಳಿಯನ್ನು ಮಡಿಸಿ ಹಾಸಿ ಗದ್ದುಗೆ ಹಾಕುವ ಪದ್ಧತಿ ಇಂದಿಗೂ ಇದೆ. ಕಾರ್ಯ ನಡೆಯುವಷ್ಟು ಹೊತ್ತು ಆ ಕಂಬಳಿ ಪೂಜ್ಯ. ಕಾರ್ಯ ಮುಗಿದ ಮೇಲೆ ಗದ್ದುಗೆ ಎತ್ತುತ್ತಾರೆ, ಅದು ಮತ್ತೆ ಹೊದೆಯುವ ಕಂಬಳಿಯಾಗುತ್ತದೆ. ಪೂಜ್ಯತೆ ವಸ್ತುವಿನಲ್ಲಿ ನೆಲೆಸಿರದೆ ಸಂದರ್ಭದಲ್ಲಿ ಇರಬಹುದೆಂಬ ವಿಚಾರವನ್ನು ಯಾವ ಶಾಸ್ತ್ರದ ಆಧಾರವೂ ಇಲ್ಲದೆ ಆಚರಿಸಿ ತೋರಿಸುವ ಪದ್ಧತಿ ಇದು.

ಕೈಯಿರುವ, ಬೆನ್ನಿರುವ ಕುರ್ಚಿ ಈ ಹಳ್ಳಿಗಳಿಗೆ ಬಂದದ್ದು ಮುಖ್ಯವಾಗಿ ಕಚೇರಿಯ ದಾರಿಯಿಂದ. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಆದಿಲ್‌ಶಾಹಿ ಕಾಲದ ಕಟ್ಟಡಗಳಲ್ಲಿ ಮುಂಬಯಿ ಸರ್ಕಾರದ ಕಚೇರಿಗಳು ಕೂತವು. ಕಲೆಕ್ಟರ, ಮಾಮಲೇದಾರ, ಶಾಲಾ ತಪಾಸಣಾಧಿಕಾರಿ, ರೇಲ್ವೆ ಸ್ಟೇಶನ್ ಮಾಸ್ತರ ಇವರೆಲ್ಲ ಮೇಜಿನ ಹಿಂದೆ ಕುರ್ಚಿಯಲ್ಲಿ ಕೂಡುವವರು. ಅಂಥ ಅಧಿಕಾರಿ ಊರಿಗೆ ಬಂದರೆ ಕೂಡಿಸಲು ಒಂದು ಕುರ್ಚಿಯಾದರೂ ಬೇಕಲ್ಲ ಎಂದು ಗೌಡರ ವಾಡೆಗೆ ಅದು ಬಂತು. ಮುಂದೆ ವಕೀಲರ, ಮಾಸ್ತರರ ಮನೆಗಳಿಗೆ ಇಳಿಯಿತು. ಸಾಗವಾನಿಯ ಚೌಕಟ್ಟು, ಬೆತ್ತ ಹೆಣೆದ ಕೂಡುಪಟ್ಟಿ, ಉದ್ದ ಕೈಗಳ ಆರಾಮ ಕುರ್ಚಿ, ಬಟ್ಟೆ ಕಟ್ಟಿದ ಮಡಚುವ ಕುರ್ಚಿ ಆ ಕಾಲದವು. ಕಟ್ಟಿಗೆಯನ್ನು ಹಬೆಯಲ್ಲಿ ಬಗ್ಗಿಸಿ ಮಾಡುವ ದುಂಡು ಬೆನ್ನಿನ ಕುರ್ಚಿಯನ್ನು ಮೈಕೆಲ್ ಥೋನೆಟ್ ಎಂಬಾತ 1859ರಲ್ಲಿ ಮಾರುಕಟ್ಟೆಗೆ ತಂದ. ಬಿಡಿ ಭಾಗಗಳಾಗಿ ಸಾಗಿಸಿ ಊರಲ್ಲಿ ಜೋಡಿಸಬಹುದಾದ ಆ ಬಗೆಯ ಕುರ್ಚಿ ಜಗತ್ತಿನ ಹೋಟೆಲು, ಕಚೇರಿಗಳನ್ನೆಲ್ಲ ಹೊಕ್ಕಿತು. ಆಮೇಲೆ ಕಬ್ಬಿಣದ ಮಡಚುವ ಕುರ್ಚಿ ಬಂತು, ಕೊನೆಗೆ ಪ್ಲಾಸ್ಟಿಕ್ ಕುರ್ಚಿ. ಈಗ ಮದುವೆ, ಸಭೆ, ಜಾತ್ರೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳದೇ ಸಾಲು. ಕುರ್ಚಿ ಎಲ್ಲರದಾದ ಮೇಲೆ ಹಳೆಯ ಕಟ್ಟಿಗೆ ಕುರ್ಚಿಗೆ ಬೇರೆಯೇ ಮಾನ ಬಂತು.

ಎಲ್ಲರದಾಗುವ ಮುಂಚೆ ಕುರ್ಚಿ ಅಂತಸ್ತಿನ ಗುರುತಾಗಿತ್ತು. 19ನೇ ಶತಮಾನದಲ್ಲಿ ಉತ್ತರ ಭಾರತದ ಬ್ರಿಟಿಷ್ ಅಧಿಕಾರಿಗಳು ಕೆಲವು ಭಾರತೀಯರಿಗೆ ‘ಕುರ್ಸಿ ನಶೀನ್’ ಎಂಬ ಪ್ರಮಾಣಪತ್ರ ಕೊಡುತ್ತಿದ್ದರು. ಸಾಹೇಬರ ಭೇಟಿಗೆ ಹೋದಾಗ ಕುರ್ಚಿ ಪಡೆಯುವ ಅರ್ಹತೆ ಅವರಿಗಿದೆ ಎಂದು ಅದರ ಅರ್ಥ. ಪತ್ರ ಇಲ್ಲದವರು ನಿಂತೇ ಮಾತಾಡಬೇಕಿತ್ತು. ಹಳ್ಳಿಯೊಳಗೆ ಜಾತಿ ಇದಕ್ಕಿಂತ ಕಠಿಣ ನಿಯಮ ಮಾಡಿತ್ತು, ಅದಕ್ಕೆ ಪತ್ರವೂ ಬೇಕಿರಲಿಲ್ಲ. ಆಗ ಇದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡ್ಕರ್ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂಡಬೇಕಾಗಿತ್ತು. ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಆ ಹುಡುಗ ದಿನವೂ ಅದನ್ನು ಮನೆಗೆ ಒಯ್ದು ಮರಳಿ ತರಬೇಕಾಗಿತ್ತು. ಅವರು ಮುಂದೆ ಬರೆದ ಆತ್ಮಕಥನದ ಟಿಪ್ಪಣಿಗಳಲ್ಲಿ ಇದು ದಾಖಲಾಗಿದೆ. ಆದ್ದರಿಂದ ಹಳೆಯ ಕುರ್ಚಿಯೊಂದರಲ್ಲಿ ಯಾರು ಕೂತಿದ್ದರು ಎಂದು ಕೇಳುವಾಗ, ಅದರ ಮುಂದೆ ಯಾರು ನಿಂತಿದ್ದರು, ಯಾರು ನೆಲಕ್ಕೆ ಕೂತಿದ್ದರು ಎಂದೂ ಕೇಳಬೇಕಾಗುತ್ತದೆ. ಕುರ್ಚಿಯ ನೆನಪಿನಲ್ಲಿ ಎರಡೂ ಸೇರಿವೆ. 1961ರ ಕರ್ನಾಟಕ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಗೌಡಿಕೆ, ಶಾನುಭೋಗಿಕೆಗಳನ್ನು ತೆಗೆದುಹಾಕಿತು. ಅಧಿಕಾರ ಹೋಯಿತು, ಕುರ್ಚಿ ಪಡಸಾಲೆಯಲ್ಲಿ ಉಳಿಯಿತು. ಹಾಗೆ ಉಳಿದದ್ದು ಹಿರಿಯರ ನೆನಪೋ, ಹೋದ ಅಧಿಕಾರದ ಆಸೆಯೋ ಎಂಬುದನ್ನು ಆ ಮನೆಯವರು ಅದನ್ನು ಹೇಗೆ ಬಳಸುತ್ತಾರೆ ಎಂಬುದರಿಂದಲೇ ತಿಳಿಯಬೇಕು.

ಆಸನದ ಎತ್ತರವನ್ನು ಭಾರತದ ಧರ್ಮಗಳು ಮೊದಲಿನಿಂದಲೂ ಅನುಮಾನದಿಂದ ನೋಡಿವೆ. ಎತ್ತರದ, ಐಷಾರಾಮದ ಆಸನವನ್ನೂ ಹಾಸಿಗೆಯನ್ನೂ ಬಿಡಬೇಕೆಂಬುದು ಬೌದ್ಧ ಭಿಕ್ಷುಗಳ ವ್ರತಗಳಲ್ಲಿ ಒಂದು. ಉಪೋಸಥವೆಂಬ ವ್ರತದ ದಿನ ಗೃಹಸ್ಥರೂ ಅದನ್ನು ಪಾಲಿಸುತ್ತಾರೆ. ಧ್ಯಾನಕ್ಕೆ ಕೂಡುವವನ ಆಸನ ತೀರ ಎತ್ತರವೂ ಆಗಬಾರದು, ತೀರ ತಗ್ಗೂ ಆಗಬಾರದು ಎಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಪತಂಜಲಿ ಆಸನಕ್ಕೆ ಕೇಳುವುದು ಎರಡೇ ಗುಣ, ಅಲುಗದಿರುವುದು ಮತ್ತು ಹಿತವಾಗಿರುವುದು. ಅಲ್ಲಿ ಆಸನವೆಂದರೆ ಕೂಡುವ ಬಗೆ, ಕೂಡುವ ವಸ್ತುವಲ್ಲ. ಜನಪದ ಕಲ್ಪನೆ ಇದಕ್ಕೆ ತಿರುವುಮುರುವಾಗಿ ನಡೆಯುತ್ತದೆ. ಬತ್ತೀಸಪುತ್ಥಳಿಯ ಕಥೆಯಲ್ಲಿ ವಿಕ್ರಮಾದಿತ್ಯನ ಸಿಂಹಾಸನ ನೆಲದಲ್ಲಿ ಹೂತುಹೋಗಿದ್ದರೂ ಅದರ ಮೇಲಿನ ದಿಬ್ಬದಲ್ಲಿ ಕೂತ ಸಾಮಾನ್ಯ ಹುಡುಗನ ಬಾಯಿಂದ ನ್ಯಾಯ ಬರುತ್ತದೆ. ಅದೇ ಸಿಂಹಾಸನವನ್ನು ಭೋಜರಾಜ ಏರಹೋದರೆ ಅದರಲ್ಲಿ ಕೆತ್ತಿದ ಒಂದೊಂದು ಗೊಂಬೆಯೂ ತಡೆದು ಅವನ ಅರ್ಹತೆಯನ್ನು ಪ್ರಶ್ನಿಸುತ್ತದೆ. ಆಸನದಲ್ಲಿ ಶಕ್ತಿ ಇದೆ ಎಂದು ಆ ಕಥೆ ಒಪ್ಪುತ್ತದೆ, ಆದರೆ ಆ ಶಕ್ತಿ ಹಕ್ಕಿನಿಂದ ದಕ್ಕುವುದಿಲ್ಲ ಎನ್ನುತ್ತದೆ. ವಾರಸುದಾರನಿಗಿಂತ ಯೋಗ್ಯನಿಗೆ ಅದು ಒಲಿಯುತ್ತದೆ.

ಕೂತವರಿಲ್ಲದ ಆಸನಕ್ಕೆ ಗೌರವ ಸಲ್ಲಿಸುವ ಪದ್ಧತಿ ಬಹಳ ಹಳೆಯದು. ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ಭೀಮೆಯೇ ಮುಂದೆ ಕಲಬುರಗಿ ಜಿಲ್ಲೆಯ ಸನ್ನತಿಯನ್ನು ಹಾಯುತ್ತದೆ. ಅಲ್ಲಿಯ ಕನಗನಹಳ್ಳಿಯ ಸ್ತೂಪದ ಉಬ್ಬುಶಿಲ್ಪಗಳಲ್ಲಿ ಖಾಲಿ ಪೀಠ ಮತ್ತು ಪಾದದ ಗುರುತುಗಳಿಗೆ ಜನ ಕೈಮುಗಿಯುತ್ತಿರುವ ದೃಶ್ಯಗಳಿವೆ. ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸದೆ ಅವನ ಇರವನ್ನು ಸೂಚಿಸುವ ರೀತಿ ಅದು. ರಾಮಾಯಣದಲ್ಲಿ ಭರತ ಸಿಂಹಾಸನವೇರದೆ ಅದರ ಮೇಲೆ ಅಣ್ಣನ ಪಾದುಕೆಗಳನ್ನಿಟ್ಟ. ಮೈಸೂರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ, ಉತ್ತರಾಧಿಕಾರಿ ಇಲ್ಲದ 2014ರ ದಸರೆಯಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಖಾಸಗಿ ದರ್ಬಾರಿನ ವಿಧಿ ನಡೆಸಿದರು. ಯಹೂದ್ಯರಲ್ಲಿ ಮಗುವಿನ ಸುನ್ನತಿಯ ದಿನ ಪ್ರವಾದಿ ಎಲೀಯನಿಗೆಂದು ಒಂದು ಕುರ್ಚಿಯನ್ನು ಖಾಲಿ ಬಿಡುತ್ತಾರೆ. ಈ ಎಲ್ಲ ಕಡೆಯೂ ಖಾಲಿ ಆಸನ ಒಂದು ನಿರ್ದಿಷ್ಟ ಕೆಲಸ ಮಾಡುತ್ತದೆ. ಇಲ್ಲದವರ ಜಾಗವನ್ನು ಬೇರೆಯವರು ಕಬಳಿಸದಂತೆ ಅದು ಕಾಯುತ್ತದೆ. ಭರತನ ಮಟ್ಟಿಗೆ ಸಿಂಹಾಸನವನ್ನು ಖಾಲಿ ಬಿಡುವುದು ಸಂಯಮವೇ ಆಗಿತ್ತು.

ಆಸನ ಉಳಿದು, ಕೂಡುವವರು ಬದಲಾಗುವುದು ಇನ್ನೊಂದು ಮಾದರಿ. ಉಡುಪಿಯ ಎಂಟು ಮಠಗಳ ಯತಿಗಳು ಸರದಿಯಂತೆ ಎರಡೆರಡು ವರ್ಷ ಕೃಷ್ಣಪೂಜೆಯ ಹೊಣೆ ಹೊರುತ್ತಾರೆ. ಪರ್ಯಾಯದ ದಿನ ಒಬ್ಬರು ಸರ್ವಜ್ಞ ಪೀಠವನ್ನು ಬಿಟ್ಟು ಇನ್ನೊಬ್ಬರನ್ನು ಕೂಡಿಸುತ್ತಾರೆ. ಎರಡು ತಿಂಗಳಿದ್ದ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದವರು 16ನೇ ಶತಮಾನದ ವಾದಿರಾಜರು. ಪೀಠ ಯಾರದೂ ಅಲ್ಲ ಎಂಬುದನ್ನು ಮರೆಯದಂತೆ ನೋಡಿಕೊಳ್ಳುವ ಏರ್ಪಾಡು ಇದು. ವಿಜಯಪುರ, ಕಲಬುರಗಿಗಳ ಸೂಫಿ ದರ್ಗಾಗಳಲ್ಲಿ ಸಂತನ ಉತ್ತರಾಧಿಕಾರಿಯನ್ನು ಸಜ್ಜಾದಾ ನಶೀನ್ ಎನ್ನುತ್ತಾರೆ. ಆತ ಕೂಡುವುದು ಸಂತನ ನಮಾಜಿನ ಚಾಪೆಯ ಮೇಲೆ ಎಂಬುದು ಅದರ ಭಾವ, ಅಧಿಕಾರದ ಗುರುತು ಅಲ್ಲಿ ನೆಲದ ಹಾಸು. ಕುರ್‌ಆನಿನ ಎರಡನೆಯ ಅಧ್ಯಾಯದ ಪ್ರಸಿದ್ಧ ಆಯತ್ ದೇವರ ಕುರ್ಸಿ ಆಕಾಶ ಭೂಮಿಗಳನ್ನೆಲ್ಲ ಆವರಿಸಿದೆ ಎನ್ನುತ್ತದೆ. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕೋ, ದೇವರ ಜ್ಞಾನ ಎಂದು ತಿಳಿಯಬೇಕೋ ಎಂದು ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ಹೇಗೆ ತಿಳಿದರೂ ಆ ಕುರ್ಸಿ ದೇವರದು, ಮನುಷ್ಯರದಲ್ಲ.

ಶರಣರ ವಿಚಾರ ಇವೆಲ್ಲಕ್ಕಿಂತ ಮುಂದೆ ಹೋಗುತ್ತದೆ. 15ನೇ ಶತಮಾನದಿಂದ ಈಚೆಗೆ ರಚನೆಯಾದ ಶೂನ್ಯಸಂಪಾದನೆಗಳು ಕಲ್ಯಾಣದಲ್ಲಿ ಅಲ್ಲಮಪ್ರಭು ಶೂನ್ಯಸಿಂಹಾಸನವನ್ನೇರಿದ ಪ್ರಸಂಗವನ್ನು ಹೇಳುತ್ತವೆ. ಬಿಜ್ಜಳನ ಆಸ್ಥಾನದ ಸಿಂಹಾಸನ ಒಂದು ಕಡೆ, ಶೂನ್ಯದ ಸಿಂಹಾಸನ ಇನ್ನೊಂದು ಕಡೆ. ಮೊದಲನೆಯದನ್ನು ಏರಲು ವಂಶ ಬೇಕು, ಬಲ ಬೇಕು. ಎರಡನೆಯದನ್ನು ಏರಲು ‘ನಾನು’ ಎಂಬುದು ಇಲ್ಲವಾಗಬೇಕು. ಅದರ ಸುತ್ತ ನೆರೆದವರಲ್ಲಿ ಅಂಬಿಗರು, ಮಡಿವಾಳರು, ಸಮಗಾರರು, ಹೆಂಗಸರು ಎಲ್ಲರೂ ಇದ್ದರು ಎಂದು ಪರಂಪರೆ ಹೇಳುತ್ತದೆ. ಅಂದರೆ ಆ ಸಭೆಯಲ್ಲಿ ಬದಲಾದದ್ದು ಪೀಠದ ಎತ್ತರವಷ್ಟೇ ಅಲ್ಲ, ಕೂಡುವ ಹಕ್ಕು. ಜೊತೆಗೆ ಬಸವಣ್ಣನವರು ಸ್ಥಾವರ ಮತ್ತು ಜಂಗಮದ ಭೇದವನ್ನು ಮುಂದಿಟ್ಟರು. ಕಟ್ಟಿ ನಿಲ್ಲಿಸಿದ್ದು ಒಂದು ದಿನ ಬೀಳುತ್ತದೆ, ನಡೆದಾಡುವ ಚೈತನ್ಯಕ್ಕೆ ಆ ಅಳಿವಿಲ್ಲ ಎಂಬುದು ಅದರ ತಿರುಳು. ಇಷ್ಟಲಿಂಗವನ್ನು ಗುಡಿಯ ಪೀಠದಲ್ಲಿಡದೆ ಅಂಗೈಯಲ್ಲಿ, ಎದೆಯ ಮೇಲೆ ಇಟ್ಟುಕೊಂಡಾಗ ದೇವರ ಆಸನ ಮನುಷ್ಯನ ಮೈಯೇ ಆಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಗಳನ್ನು ಹುಡುಕಿ 1923ರಿಂದ ಅಚ್ಚು ಮಾಡತೊಡಗಿದ ಮೇಲೆ ಈ ವಿಚಾರ ಮಠಗಳ ಕಟ್ಟಿನಿಂದ ಹೊರಬಂದು ಸಾಮಾನ್ಯ ಓದುಗರ ಕೈಗೆ ಸಿಕ್ಕಿತು.

ಆದರೂ ಅದೇ ಪರಂಪರೆಯಲ್ಲಿ ಗದ್ದುಗೆ ಬೆಳೆಯಿತು. ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂತ ಭಂಗಿಯಲ್ಲೇ ಸಿಂಗರಿಸಿ, ‘ವಿಮಾನ’ವೆಂಬ ಚಟ್ಟದಲ್ಲಿ ಕೂಡಿಸಿ ಒಯ್ದು, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಕೂತಂತೆಯೇ ಸಮಾಧಿ ಮಾಡುತ್ತಾರೆ. ಗುರುಗಳ ವಿಷಯದಲ್ಲಿ ಆ ಸಮಾಧಿಯ ಮೇಲೆ ಗದ್ದುಗೆ ಏಳುತ್ತದೆ, ಅದಕ್ಕೆ ಪೂಜೆ, ಜಾತ್ರೆ ನಡೆಯುತ್ತವೆ. ನಡೆದಾಡಿದವರು ಹೀಗೆ ಸ್ಥಾವರವಾಗುತ್ತಾರೆ. ಇದನ್ನು ಬರಿಯ ವಿರೋಧಾಭಾಸ ಎಂದು ತಳ್ಳಿಹಾಕುವುದು ಸರಿಯಲ್ಲ. ಬೋಧನೆಯನ್ನು ಓದಿ ತಿಳಿಯಲಾರದ ಜನಕ್ಕೆ ನೆನಪು ನಿಲ್ಲಲು ಒಂದು ಜಾಗ ಬೇಕಾಗುತ್ತದೆ, ಗದ್ದುಗೆ ಆ ಜಾಗ. ಅದರ ಸುತ್ತ ದಾಸೋಹ ನಡೆಯುತ್ತದೆ, ಶಾಲೆಗಳು ಏಳುತ್ತವೆ. ಗದ್ದುಗೆಯ ಪರವಾದ ವಾದ ಇಷ್ಟು ಗಟ್ಟಿಯಾಗಿದೆ. ವಿರುದ್ಧದ ವಾದವನ್ನು ಈ ಕಾಲದಲ್ಲಿ ನಡೆದು ತೋರಿಸಿದವರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. 2018ರಲ್ಲಿ ಪದ್ಮಶ್ರೀಯನ್ನು ಬೇಡವೆಂದವರು ಅವರು. ತಮ್ಮ ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರ ಗುರುಪೂರ್ಣಿಮೆಯಂದೇ ಅವರು ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದ ಮೇಲೆ ಹಾಗೆಯೇ ನಡೆಯಿತು. ಲಕ್ಷಾಂತರ ಜನ ದರ್ಶನಕ್ಕೆ ಬಂದ ಗುರುವಿಗೆ ಗದ್ದುಗೆ ಇಲ್ಲ.

ಮನೆಯ ಕುರ್ಚಿಗೆ ಬಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ಬೆತ್ತ ಹರಿದಾಗ ಹೊಸದಾಗಿ ಹೆಣೆಸುತ್ತಾರೆ. ಗೆದ್ದಲು ತಿಂದ ಕಾಲನ್ನು ಬಡಿಗ ಬದಲಿಸುತ್ತಾನೆ. ಬೆನ್ನಿನ ಪಟ್ಟಿ ಹೋಗುತ್ತದೆ, ಬಣ್ಣ ಕೆರೆದು ಅರಗಿನ ಹೊಳಪು ಕೊಡುತ್ತಾರೆ. ಹೀಗೆ ಭಾಗಗಳೆಲ್ಲ ಬದಲಾದ ಮೇಲೂ ಅದು ಅಜ್ಜನ ಕುರ್ಚಿಯೆ? ನ್ಯಾಯ ಮತ್ತು ವೈಶೇಷಿಕ ದರ್ಶನಗಳ ಪ್ರಕಾರ ಭಾಗಗಳಿಂದಾದ ಇಡೀ ವಸ್ತು ಭಾಗಗಳಿಗಿಂತ ಬೇರೆ, ಅದಕ್ಕೆ ಅವಯವಿ ಎಂದು ಹೆಸರು. ಬಟ್ಟೆಯಿಂದ ಒಂದು ನೂಲು ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಹುಟ್ಟುತ್ತದೆ ಎಂಬಷ್ಟು ಕಟ್ಟುನಿಟ್ಟು ಅವರ ಲೆಕ್ಕ. ಅದರಂತೆ ಅಜ್ಜನ ಕುರ್ಚಿ ಮೊದಲ ರಿಪೇರಿಯ ದಿನವೇ ಇಲ್ಲವಾಗಿದೆ. ಬೌದ್ಧರ ಉತ್ತರ ಬೇರೆ. ಮಿಲಿಂದಪನ್ಹ ಎಂಬ ಗ್ರಂಥದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಮೂಲದ ಅರಸ ಮಿಲಿಂದನಿಗೆ ರಥದ ಗಾಲಿ, ಅಚ್ಚು, ನೊಗಗಳನ್ನು ಒಂದೊಂದಾಗಿ ತೋರಿಸಿ ರಥ ಎಲ್ಲಿದೆ ಎಂದು ಕೇಳುತ್ತಾನೆ. ಭಾಗಗಳ ಕೂಟಕ್ಕೆ ವ್ಯವಹಾರಕ್ಕಾಗಿ ಇಟ್ಟ ಹೆಸರಷ್ಟೇ ರಥ. ಹಾಗಾದರೆ ಅಜ್ಜನ ಕುರ್ಚಿ ಎಂಬುದು ಕಟ್ಟಿಗೆಯಲ್ಲಿಲ್ಲ, ಮನೆಯವರ ಮಾತಿನಲ್ಲಿದೆ.

ಆಚರಣೆ ಈ ವಾದಗಳನ್ನು ತನ್ನದೇ ರೀತಿಯಲ್ಲಿ ದಾಟಿದೆ. ಪುರಿಯ ಜಗನ್ನಾಥನ ಬೇವಿನ ಕಟ್ಟಿಗೆಯ ಮೂರ್ತಿಗಳನ್ನು ಅಧಿಕ ಆಷಾಢ ಬಂದ ವರ್ಷಗಳಲ್ಲಿ ಹೊಸದಾಗಿ ಕಡೆಯುತ್ತಾರೆ. ಈಚೆಗೆ ಅದು ನಡೆದದ್ದು 2015ರಲ್ಲಿ. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಸೇವಕರು ಕಣ್ಣು ಕಟ್ಟಿಕೊಂಡು ಹೊಸದಕ್ಕೆ ಸೇರಿಸುತ್ತಾರೆ, ಹಳೆಯ ಕಟ್ಟಿಗೆಯನ್ನು ಹೂಳುತ್ತಾರೆ. ಕಟ್ಟಿಗೆ ಹಳೆಯದಾಗಿರಬೇಕೆಂಬ ಹಟವೇ ಅಲ್ಲಿಲ್ಲ. ರೋಮಿನ ಸಂತ ಪೇತ್ರನ ಬೆಸಿಲಿಕಾದಲ್ಲಿ ಬೆರ್ನಿನಿ ಎಂಬ ಶಿಲ್ಪಿ 1666ರಲ್ಲಿ ಮುಗಿಸಿದ ಕಂಚಿನ ಮಹಾಪೀಠದೊಳಗೆ ಒಂದು ಕಟ್ಟಿಗೆ ಕುರ್ಚಿ ಇದೆ. ಅದು ಯೇಸುವಿನ ಶಿಷ್ಯ ಪೇತ್ರ ಕೂತ ಕುರ್ಚಿ ಎಂದು ಶತಮಾನಗಳ ಕಾಲ ನಂಬಿದ್ದರು. 20ನೇ ಶತಮಾನದ ಪರೀಕ್ಷೆಗಳಿಂದ ಅದು 9ನೇ ಶತಮಾನದ್ದು ಎಂದು ಗೊತ್ತಾಯಿತು. ಆದರೂ ಪ್ರತಿ ವರ್ಷ ಫೆಬ್ರವರಿ 22ರಂದು ಪೇತ್ರನ ಪೀಠದ ಹಬ್ಬ ನಡೆಯುತ್ತದೆ. ಹಬ್ಬ ಪೇತ್ರನ ಹೊಣೆಗಾರಿಕೆಗೆ ಸಲ್ಲುವುದೇ ಹೊರತು ಕಟ್ಟಿಗೆಗಲ್ಲ ಎಂಬುದು ಚರ್ಚಿನ ನಿಲುವು. ಎರಡೂ ಕಡೆ ತೀರ್ಮಾನ ಒಂದೇ: ವಸ್ತು ನೆನಪನ್ನು ಹೊರುತ್ತದೆ, ನೆನಪು ವಸ್ತುವಲ್ಲ.

ಮಾರುಕಟ್ಟೆಗೆ ಈ ವಿವೇಚನೆ ಬೇಕಿಲ್ಲ. ಅದಕ್ಕೆ ಬೇಕಾದದ್ದು ವಯಸ್ಸು. ನೂರು ವರ್ಷ ದಾಟಿದ್ದನ್ನು ಆಂಟಿಕ್ ಎಂದೂ ಅದಕ್ಕಿಂತ ಈಚಿನದನ್ನು ವಿಂಟೇಜ್ ಎಂದೂ ವ್ಯಾಪಾರದಲ್ಲಿ ವಿಂಗಡಿಸುತ್ತಾರೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯೂ ಐತಿಹಾಸಿಕ ಅಥವಾ ಕುಶಲಕಲೆಯ ಮಹತ್ವವುಳ್ಳ ವಸ್ತುಗಳಿಗೆ ನೂರು ವರ್ಷದ ಗಡಿಯನ್ನೇ ಹಾಕಿದೆ, ಅಂಥವನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ. ಹಳ್ಳಿಯ ವಾಡೆಯಿಂದ ಗುಜರಿಗೆ ಹೋದ ಕುರ್ಚಿ ನಗರದ ಹೋಟೆಲಿನಲ್ಲೋ ಬಂಗಲೆಯಲ್ಲೋ ಶೋಭೆಯ ವಸ್ತುವಾಗುತ್ತದೆ. ಅಲ್ಲಿ ಅದಕ್ಕೆ ವಯಸ್ಸಿದೆ, ಹಿರಿಯರಿಲ್ಲ. ಹೊಸ ಕಟ್ಟಿಗೆಗೆ ಹಳೆಯ ಬಣ್ಣ ಕೊಟ್ಟು ಮಾರುವವರೂ ಇದ್ದಾರೆ. ಆದರೆ ಮಾರುವುದನ್ನೇ ಪಾಪವೆನ್ನುವಂತಿಲ್ಲ. ಅಪರಿಗ್ರಹವನ್ನು ವ್ರತವಾಗಿ ಹೇಳಿದ ನಾಡಿನಲ್ಲಿ, ಬೇಡದ ವಸ್ತುವನ್ನು ಬೇಕಾದವರಿಗೆ ಬಿಟ್ಟುಕೊಡುವುದು ಅದನ್ನು ಅಟ್ಟದಲ್ಲಿ ಗೆದ್ದಲಿಗೆ ಬಿಡುವುದಕ್ಕಿಂತ ಮೇಲು.

ಮನೆಯಲ್ಲಿ ಹಳೆಯ ಕುರ್ಚಿಗೆ ಸಾಮಾನ್ಯವಾಗಿ ಮೂರು ಜಾಗಗಳು ಸಿಗುತ್ತವೆ. ಕೆಲವರು ಅದರ ಮೇಲೆ ತೀರಿಕೊಂಡವರ ಫೋಟೊ ಇಟ್ಟು ಹಾರ ಹಾಕಿ ಗದ್ದುಗೆಯಂತೆ ಪೂಜಿಸುತ್ತಾರೆ. ಕೆಲವರು ಯಾರೂ ಕೂಡದಂತೆ ಮೂಲೆಯಲ್ಲಿಟ್ಟು ಬಂದವರಿಗೆ ತೋರಿಸುತ್ತಾರೆ. ಕೆಲವರು ರಿಪೇರಿ ಮಾಡಿಸಿ ಕೂಡುತ್ತಾರೆ. ಪುಣ್ಯತಿಥಿಯ ದಿನ ಫೋಟೊ ಇಟ್ಟು ಮರುದಿನ ತೆಗೆಯುವುದಾದರೆ ಅದು ಕಂಬಳಿ ಗದ್ದುಗೆಯ ನ್ಯಾಯಕ್ಕೆ ಒಪ್ಪುತ್ತದೆ, ನೆನಪಿಗೆ ಒಂದು ದಿನ, ಬಳಕೆಗೆ ಉಳಿದ ದಿನ. ವರ್ಷವಿಡೀ ಖಾಲಿ ಇಡುವುದಕ್ಕೆ ಭರತನ ಉದಾಹರಣೆಯನ್ನು ಕೊಡಲಾಗದು. ರಾಮ ಮರಳಿ ಬರುವವನಿದ್ದ, ಅವನ ಜಾಗವನ್ನು ಕಾಯಬೇಕಿತ್ತು. ಪಡಸಾಲೆಯ ಕುರ್ಚಿಗೆ ಅಂಥ ಕಾವಲು ಬೇಕಿಲ್ಲ. ತೋರಿಕೆಗೆ ಇಟ್ಟ ಕುರ್ಚಿಯಂತೂ ಹಿರಿಯರ ನೆನಪಿಗಿಂತ ಮನೆತನದ ದೊಡ್ಡಸ್ತಿಕೆಯನ್ನೇ ಹೆಚ್ಚು ಹೇಳುತ್ತದೆ.

ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಾಗ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದವು. 1964ರಲ್ಲಿ ಶಂಕುಸ್ಥಾಪನೆಯಾದ ಆ ಅಣೆಕಟ್ಟಿನ ಕೆಲಸ ದಶಕಗಳ ಕಾಲ ನಡೆದು ಈ ಶತಮಾನದ ಆರಂಭದಲ್ಲಿ ಮುಗಿಯಿತು. ಸ್ಥಾವರವೆಂದು ನಂಬಿದ್ದ ಮನೆ, ಕಟ್ಟೆ, ಪಡಸಾಲೆಗಳು ನೀರಿನಡಿ ಹೋದವು, ಹೊತ್ತೊಯ್ಯಬಹುದಾದದ್ದು ಉಳಿಯಿತು. ಹೊಸ ಊರಿನ ಹೊಸ ಮನೆಯಲ್ಲಿ ಹಳೆಯ ಮಂಚ, ಮಣೆ, ಕುರ್ಚಿಗಳು ಹಿಂದಿನ ಬದುಕಿನ ಗುರುತಾಗಿ ನಿಂತವು. ಅಂಥ ಮನೆಯವರಿಗೆ ವಸ್ತುವಿನ ಮೋಹ ಬೇಡ ಎಂದು ಉಪದೇಶಿಸುವುದು ಸುಲಭ, ನ್ಯಾಯವಲ್ಲ. ನೆನಪಿಗೆ ಆಸರೆ ಬೇಕೆಂಬ ಗದ್ದುಗೆಯ ವಾದ ಅಲ್ಲಿ ಪೂರ್ತಿ ನಿಜವಾಗುತ್ತದೆ.

ಗದ್ದುಗೆಯ ಪರವಾದ, ವಿರುದ್ಧವಾದ ಎರಡೂ ವಾದಗಳನ್ನು ತೂಗಿದರೆ ಒಂದು ಅಳತೆ ಸಿಗುತ್ತದೆ. ಹಳೆಯ ಕುರ್ಚಿಯನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಅದರಲ್ಲಿ ಯಾರು ಕೂಡಬಾರದು ಎಂದು ಕಟ್ಟಳೆ ಮಾಡುವುದರಲ್ಲಿ ತಪ್ಪಿದೆ. ಹಿರಿಯರು ಒಳ್ಳೆಯವರಾಗಿದ್ದರೆ ಬಂದವರನ್ನು ಕೂಡಿಸಿದ್ದಕ್ಕಾಗಿ ಜನ ಅವರನ್ನು ನೆನೆಯುತ್ತಾರೆ, ಆ ನೆನಪು ಬೆಳೆಯುವುದು ಬಂದವರನ್ನು ಅದೇ ಕುರ್ಚಿಯಲ್ಲಿ ಕೂಡಿಸಿದಾಗ. ಅವರ ಕಾಲದಲ್ಲಿ ಆ ಕುರ್ಚಿಯ ಮುಂದೆ ಕೆಲವರು ನಿಲ್ಲಬೇಕಾಗಿದ್ದರೆ, ಆ ಋಣ ತೀರುವುದೂ ಹಾಗೆ ನಿಂತವರ ಮೊಮ್ಮಕ್ಕಳು ಈಗ ಅದರಲ್ಲಿ ಕೂತಾಗಲೇ. ಶರಣರ ಸಭೆ ಕೂಡುವ ಹಕ್ಕನ್ನು ಎಲ್ಲರಿಗೂ ಕೊಟ್ಟು ಪೀಠದ ಹಿರಿಮೆಯನ್ನು ಹೆಚ್ಚಿಸಿತು, ಕುಗ್ಗಿಸಲಿಲ್ಲ. ಮನೆಯ ಕುರ್ಚಿಗೂ ಅದೇ ನಿಯಮ ಸಲ್ಲುತ್ತದೆ. ಕಾಲು ಗಟ್ಟಿ ಮಾಡಿಸಿ, ಬೆತ್ತ ಹೆಣೆಸಿ, ಬಾಗಿಲಿಗೆ ಬಂದವರು ಯಾರೇ ಇರಲಿ ಕೂಡುವಂತೆ ಪಡಸಾಲೆಯಲ್ಲಿ ಇಡುವುದೇ ಅದಕ್ಕೆ ತಕ್ಕ ಗೌರವ.